ವೃಕ್ಕ, ಬಸ್ತಿ ಮತ್ತು ಹುರುಳಿಯ ಕಟ್ಟು

ಪ್ರಾಚೀನ ವೈದ್ಯಗ್ರಂಥಗಳನ್ನು ಅಧ್ಯಯನಕ್ಕೆ ಎತ್ತಿಕೊಳ್ಳುವವರು ಅವುಗಳಲ್ಲಿ ಮೂತ್ರಪಿಂಡದ ರಕ್ಷಣೆಗೆ ವಿಧಿಸಿದ ಆಹಾರಕ್ರಮವನ್ನು ಹುಡುಕುವುದುಂಟು. ಈ ಹುಡುಕಾಟದಲ್ಲಿಯೇ ಒಂದು ತೊಡಕಿದೆ. ಇಂದು ನಾವು ಮೂತ್ರಪಿಂಡವೆನ್ನುವ ಅಂಗವನ್ನು ಆ ಗ್ರಂಥಗಳು ‘ವೃಕ್ಕ’ವೆಂದು ಕರೆದವು, ಆದರೆ ಅದನ್ನು ಮೂತ್ರದೊಡನೆ ಜೋಡಿಸಲಿಲ್ಲ. ಚರಕನ ಪ್ರಕಾರ ವೃಕ್ಕವು ಮೇದೋವಹ ಸ್ರೋತಸ್ಸಿನ ಮೂಲ. ಶಾರ್ಙ್ಗಧರನಿಗೆ ಅದು ಹೊಟ್ಟೆಯ ಮೇದಸ್ಸನ್ನು ಪೋಷಿಸುವ ಅಂಗ. ಮೂತ್ರದ ನೆಲೆ ಬಸ್ತಿ. ನದಿಗಳು ಸಮುದ್ರವನ್ನು ತುಂಬುವಂತೆ ಪಕ್ವಾಶಯದಿಂದ ಹೊರಟ ಸೂಕ್ಷ್ಮ ನಾಳಗಳು ಬಸ್ತಿಯನ್ನು ತುಂಬುತ್ತವೆ ಎಂಬುದು ಸುಶ್ರುತನ ವಿವರಣೆ. ಯುರೋಪಿನಲ್ಲಿಯೂ ಮೂತ್ರಪಿಂಡದ ಸೂಕ್ಷ್ಮ ರಚನೆ ಮತ್ತು ಕಾರ್ಯ ಸ್ಪಷ್ಟವಾಗತೊಡಗಿದ್ದು 1842ರಲ್ಲಿ ಬೋಮನ್‌ನ ಅಧ್ಯಯನದಿಂದ. ಆದ್ದರಿಂದ ಪ್ರಾಚೀನರು ಮೂತ್ರಪಿಂಡದ ವೈಫಲ್ಯವನ್ನು ಬಲ್ಲವರಾಗಿದ್ದರೆಂದು ಬರೆಯುವುದು ಅವರಿಗೆ ಸಲ್ಲಿಸುವ ಗೌರವವೇನಲ್ಲ.

ಅವರು ನಿಜವಾಗಿ ಬಲ್ಲುದು ಕಲ್ಲನ್ನು, ಅಂದರೆ ಅಶ್ಮರಿಯನ್ನು. ಹೊಸ ಮಡಕೆಯಲ್ಲಿ ತುಂಬಿಟ್ಟ ತಿಳಿನೀರಿನಲ್ಲಿಯೂ ಕಾಲಾಂತರದಲ್ಲಿ ಕೆಸರು ತಳಕ್ಕಿಳಿಯುವಂತೆ ಬಸ್ತಿಯಲ್ಲಿ ಕಲ್ಲು ಹುಟ್ಟುತ್ತದೆ ಎಂಬ ಸುಶ್ರುತನ ಹೋಲಿಕೆಯು, ಅಂಗರಚನೆಯ ಊಹೆ ಬೇರೆಯಾಗಿದ್ದರೂ, ಗಟ್ಟಿಯಾದ ಅವಲೋಕನದಿಂದ ಬಂದುದು. ಮೂತ್ರದಲ್ಲಿ ಕರಗಿದ ಲವಣಗಳು ಸಾಂದ್ರವಾಗಿ ಹರಳುಗಟ್ಟುವುದೇ ಕಲ್ಲಿನ ಆರಂಭವೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಮೂತ್ರದ ವೇಗವನ್ನು ತಡೆಯಬಾರದೆಂಬ ಚರಕನ ಎಚ್ಚರಿಕೆಯೂ ಮರೆಯುವಂಥದ್ದಲ್ಲ.

ನೀರಿನ ವಿಷಯದಲ್ಲಿ ಮಾತ್ರ ಹಳತು ಹೊಸತುಗಳು ಎದುರುಬದುರಾಗಿ ನಿಲ್ಲುತ್ತವೆ. ಶರತ್ತು ಮತ್ತು ಗ್ರೀಷ್ಮಗಳನ್ನುಳಿದು ಆರೋಗ್ಯವಂತನೂ ನೀರನ್ನು ಮಿತವಾಗಿಯೇ ಕುಡಿಯಬೇಕೆಂಬುದು ವಾಗ್ಭಟನ ಅಭಿಪ್ರಾಯ. ಅವನ ಗಮನ ಜಠರಾಗ್ನಿಯ ಮೇಲಿತ್ತು. ಒಮ್ಮೆ ಕಲ್ಲು ಬಂದವರಿಗೆ ಇಂದಿನ ವೈದ್ಯರು ಹೇಳುವುದು ದಿನಕ್ಕೆ ಸುಮಾರು ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕೆಂದು. ಇಲ್ಲಿ ವಾಗ್ಭಟನ ಪರ ನಿಲ್ಲಲು ಸಾಧ್ಯವಿಲ್ಲ.

ಕನ್ನಡ ನಾಡಿನ ವೈದ್ಯಸಾಹಿತ್ಯದಲ್ಲಿ ಈ ಚರ್ಚೆಗೆ ಇನ್ನೊಂದು ಮುಖವುಂಟು. ಸುಶ್ರುತನ ಒಂದು ಯೋಗದಲ್ಲಿ ನೆಗ್ಗಿಲು ಬೀಜದ ಚೂರ್ಣವನ್ನು ಜೇನಿನೊಡನೆ ಬೆರೆಸಿ ಕುರಿಯ ಹಾಲಿನಲ್ಲಿ ಕೊಡುವ ವಿಧಿಯಿದೆ. ಮದ್ಯ, ಮಾಂಸ, ಮಧುಗಳನ್ನು ಔಷಧದಿಂದಲೇ ಹೊರಗಿಟ್ಟ ಪರಂಪರೆ ಉಗ್ರಾದಿತ್ಯನ ಸಂಸ್ಕೃತ ‘ಕಲ್ಯಾಣಕಾರಕ’ದ್ದು, ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕನ್ನಡ ‘ಕರ್ಣಾಟಕ ಕಲ್ಯಾಣಕಾರಕ’ವೂ ಅದೇ ದಾರಿಯದು. ಇಂಥ ಪರಂಪರೆಯಲ್ಲಿ ಜೇನು ಕೂಡಿದ ಯೋಗ ಹಾಗೆಯೇ ಉಳಿಯಲಾರದು. ಒಂದು ಆಚಾರನಿಯಮವು ಔಷಧದ ಪಾಕವನ್ನೇ ಬದಲಿಸುವ ಈ ಸಂದರ್ಭ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯ. ವೈದ್ಯಗ್ರಂಥಗಳನ್ನು ಭಾಷೆಗಾಗಿ ಮಾತ್ರ ಓದುವ ನಮ್ಮ ವಿಭಾಗಗಳ ರೂಢಿಯಿಂದ ಇಂಥ ಪ್ರಶ್ನೆಗಳು ಕೈತಪ್ಪುತ್ತವೆ.

ಧಾನ್ಯಗಳ ವಿಷಯದಲ್ಲಿ ಅಂಥ ತೊಡಕಿಲ್ಲ. ಕುಲತ್ಥವು ಶುಕ್ರಾಶ್ಮರಿಯನ್ನು ಕಳೆಯುವುದೆಂದು ಸುಶ್ರುತಸಂಹಿತೆ ಹೇಳುತ್ತದೆ. ಅದೇ ನಮ್ಮ ಹುರುಳಿ. ಕಲ್ಲಾದವರಿಗೆ ಹುರುಳಿಯ ಕಟ್ಟನ್ನು ಕುಡಿಸುವ ರೂಢಿ ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ಬಾಳೆದಿಂಡಿನ ರಸವೂ ಅದರ ಜೊತೆಗಿದೆ. ಗ್ರಂಥವು ಮನೆಗೆ ಕಲಿಸಿತೋ, ಮನೆಯು ಗ್ರಂಥಕ್ಕೆ ಕಲಿಸಿತೋ? ಎರಡನೆಯದೇ ಹೆಚ್ಚು ಸಂಭವನೀಯವೆಂದು ನನಗೆ ತೋರುತ್ತದೆ. ಹುರುಳಿಯಂಥ ಬಡವರ ಕಾಳಿನ ಗುಣವನ್ನು ಮೊದಲು ಕಂಡವರು ಅದನ್ನು ದಿನವೂ ಬೇಯಿಸಿ ಉಂಡವರೇ ಇದ್ದಿರಬೇಕು.

ಆದರೆ ಅಶ್ಮರಿಗೆ ಹೇಳಿದ ಪಥ್ಯವನ್ನು ಮೂತ್ರಪಿಂಡದ ಎಲ್ಲ ರೋಗಗಳಿಗೂ ಅನ್ವಯಿಸುವುದು ಅಪಾಯಕರ. ಪದದ ಗೊಂದಲ ದೇಹಕ್ಕೂ ತಟ್ಟುವುದು ಇಲ್ಲಿಯೇ. ಮೂತ್ರಪಿಂಡದ ಶಕ್ತಿ ಕುಂದಿದವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಪೊಟ್ಯಾಸಿಯಂ ಹೇರಳವಾಗಿರುವ ಎಳನೀರು ಅಂಥವರಿಗೆ ತಂಪಲ್ಲ. ಕಮರಾಕ್ಷಿ ಹಣ್ಣಂತೂ ಅವರಿಗೆ ನೇರವಾಗಿ ವಿಷ. ಕುಡಿಯುವ ನೀರಿಗೂ ಅವರಲ್ಲಿ ಹಲವರಿಗೆ ವೈದ್ಯರು ಮಿತಿ ಹಾಕುತ್ತಾರೆ. ರೋಗವಿಲ್ಲದವರಿಗೆ ಬೇಕಾದುದು ಉಪ್ಪಿನ ಹಿಡಿತ: ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದೊಳಗೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಆ ಚಮಚದೊಳಗೇ ಬರಬೇಕು.