ಕೋಡಿಯಲ್ಲಿ ಕಡಲಿಗೆ ಬೆನ್ನು ಹಾಕಿ ನಿಂತರೆ

ಕುಂದಾಪುರ ಪೇಟೆಯಿಂದ ಕಡಲ ಕಡೆಗೆ ಹೋಗುವ ರಸ್ತೆ ಮುಗಿಯುವಲ್ಲಿ ಕೋಡಿ ಇದೆ. ಕೋಡಿ ಎಂದರೆ ತುದಿ. ಒಂದು ಬದಿಗೆ ಅರಬೀ ಸಮುದ್ರ, ಇನ್ನೊಂದು ಬದಿಗೆ ಹೊಳೆ, ನಡುವೆ ತೆಂಗಿನ ತೋಟಗಳ ಮರಳು ನೆಲ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಸೇರಿ ಪಂಚಗಂಗಾವಳಿ ಎನಿಸಿಕೊಂಡು ಕಡಲಿಗಿಳಿಯುವ ಅಳಿವೆ ಇಲ್ಲಿಯೇ. ಅಳಿವೆಯ ದಕ್ಷಿಣಕ್ಕೆ ಕೋಡಿ, ಉತ್ತರಕ್ಕೆ ಗಂಗೊಳ್ಳಿ.

ಸಂಜೆಯಾದರೆ ಇಲ್ಲಿ ಜನ ಸೇರುತ್ತಾರೆ. ಲೈಟ್‌ಹೌಸ್ ನೋಡುತ್ತಾರೆ, ಅಲೆ ತಡೆಯಲು ಹಾಕಿದ ಬಂಡೆಗಳ ದಂಡೆಯ ಮೇಲೆ ನಡೆಯುತ್ತಾರೆ, ಸೂರ್ಯ ಮುಳುಗಿದ ಮೇಲೆ ಮನೆಗೆ ಹೋಗುತ್ತಾರೆ. ಪ್ರವಾಸಿ ಕೈಪಿಡಿಗಳು ಹೇಳುವುದೂ ಇಷ್ಟನ್ನೇ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ನದಿ, ಮತ್ತೊಂದು ಪಕ್ಕ ಕಡಲು; ಬೈಂದೂರಿನಲ್ಲಿ ಸೋಮೇಶ್ವರ; ಕುಂದಾಪುರದಲ್ಲಿ ಕೋಡಿ. ಎಲ್ಲ ಕಡೆಯೂ ಪ್ರವಾಸಿಯ ಮುಖ ಪಶ್ಚಿಮಕ್ಕೆ. ಆದರೆ ಈ ಕರಾವಳಿಯ ಇತಿಹಾಸ ತಿಳಿಯಬೇಕಾದವರು ಕಡಲಿಗೆ ಬೆನ್ನು ಹಾಕಿ ಹೊಳೆಯ ಕಡೆಗೆ ತಿರುಗಬೇಕು. ಹಿಂದೆ ಹಡಗುಗಳು ಹೋಗುತ್ತಿದ್ದುದು ಆ ಕಡೆಗೆ.

ಅಂದಹಾಗೆ, ನಮ್ಮಲ್ಲಿ ಕೋಡಿ ಒಂದೇ ಅಲ್ಲ. ದಕ್ಷಿಣಕ್ಕೆ ಹಂಗಾರಕಟ್ಟೆಯ ಬಳಿ ಸೀತಾ, ಸುವರ್ಣಾ ನದಿಗಳು ಕಡಲು ಸೇರುವಲ್ಲಿ ಕೋಡಿ ಕನ್ಯಾನವೂ ಕೋಡಿ ಬೆಂಗ್ರೆಯೂ ಇವೆ. ದಾರಿ ಕೇಳುವಾಗ ಯಾವ ಕೋಡಿ ಎಂದು ಹೇಳದಿದ್ದರೆ ಬೇರೆ ತಾಲೂಕಿಗೆ ಹೋಗಿ ಇಳಿಯಬೇಕಾದೀತು. ಕೋಟೇಶ್ವರದ ಕೋಟಿಲಿಂಗೇಶ್ವರ ದೇವಸ್ಥಾನದ ಜಾತ್ರೆಗೂ ಕೋಡಿ ಹಬ್ಬವೆಂದೇ ಹೆಸರು. ಹೊಸದಾಗಿ ಮದುವೆಯಾದವರು ಅಲ್ಲಿಂದ ಕಬ್ಬು ತೆಗೆದುಕೊಂಡು ಹೋಗುವ ವಾಡಿಕೆಯಿದೆ. ಈ ಎರಡು ಅಳಿವೆಗಳೂ ಎರಡು ದೊಡ್ಡ ಬಂದರುಗಳ ಬಾಗಿಲುಗಳಾಗಿದ್ದವು. ಕುಂದಾಪುರದ ಅಳಿವೆಯಿಂದ ವಾರಾಹಿಯಲ್ಲಿ ಮೇಲೆ ಸಾಗಿದರೆ ಬಸ್ರೂರು. ಹಂಗಾರಕಟ್ಟೆಯಿಂದ ಸೀತಾ ನದಿಯಲ್ಲಿ ಸಾಗಿದರೆ ಬಾರಕೂರು. ತೆರೆದ ಕಡಲ ತೀರದಲ್ಲಿ ಊರು ಕಟ್ಟುವುದು ಆ ಕಾಲದ ವರ್ತಕರಿಗೆ ಬೇಕಿರಲಿಲ್ಲ. ಬಿರುಗಾಳಿಯಿಂದಲೂ ಕಡಲ್ಗಳ್ಳರಿಂದಲೂ ರಕ್ಷಣೆ ಸಿಗುವ, ಘಟ್ಟದಿಂದ ಇಳಿದ ಸರಕು ದೋಣಿಗೆ ಏರುವ ಜಾಗ ಹೊಳೆಯ ಒಳಗಿತ್ತು.

1342ರಲ್ಲಿ ದೆಹಲಿಯ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್‌ನ ರಾಯಭಾರಿಯಾಗಿ ಚೀನಾಕ್ಕೆ ಹೊರಟ ಇಬ್ನ್ ಬತೂತ ಈ ದಾರಿಯಾಗಿ ಬಂದ. ಮೊರಾಕ್ಕೋದ ಟಾಂಜಿಯರ್‌ನವನಾದ ಆತ ಹೊನ್ನಾವರವನ್ನು ದಾಟಿ ಕಂಡ ಊರಿಗೆ ಅಬೂ ಸರೂರ್ ಎಂದು ಹೆಸರಿಟ್ಟು ಬರೆದಿದ್ದಾನೆ. ಅದು ನಮ್ಮ ಬಸ್ರೂರು. ದೊಡ್ಡ ಹಿನ್ನೀರಿನ ದಡದ ಸಣ್ಣ ಊರು, ತೆಂಗಿನ ಮರಗಳು ಹೇರಳ ಎಂಬುದು ಅವನ ವರ್ಣನೆ. ಇಂದು ಬಸ್ರೂರಿಗೆ ಹೋದವರೂ ಹೆಚ್ಚು ಕಡಿಮೆ ಹೀಗೆಯೇ ಬರೆಯಬೇಕಾದೀತು. ಅಲ್ಲಿನ ಮುಸ್ಲಿಮರ ಹಿರಿಯನ ಹೆಸರು ಶೇಖ್ ಜುಮಾ. ಜನ ಕರೆಯುತ್ತಿದ್ದುದು ಅಬೂ ಸಿತ್ತಾ ಎಂದು. ಅರಬಿಯಲ್ಲಿ ಆರರ ತಂದೆ ಎಂದರ್ಥ. ತನ್ನಲ್ಲಿದ್ದುದನ್ನೆಲ್ಲ ಫಕೀರರಿಗೂ ಬಡವರಿಗೂ ಹಂಚಿ ಹಂಚಿ ಕೈ ಬರಿದು ಮಾಡಿಕೊಂಡವನು ಆತ. ಊರು ಗೆದ್ದವರ, ಊರು ಸುಟ್ಟವರ ಹೆಸರುಗಳೇ ತುಂಬಿರುವ ಚರಿತ್ರೆಯಲ್ಲಿ ಬಸ್ರೂರಿನಿಂದ ನಮಗೆ ಸಿಗುವ ಮೊದಲ ಮುಸ್ಲಿಮನ ಹೆಸರು, ಬಡವರಿಗಾಗಿ ಹಣ ಖರ್ಚು ಮಾಡಿ ಮುಗಿಸಿದವನದು. ಬಸ್ರೂರಿನವರಿಗೆ ಇದೊಂದು ಹೆಮ್ಮೆಯ ಸಂಗತಿಯಾಗಬೇಕಿತ್ತು.

ಅಲ್ಲಿಂದ ಮುಂದೆ ಅವನು ತಲುಪಿದ ಫಾಕನೂರು ಎಂದರೆ ಬಾರಕೂರು. ಅಲ್ಲಿನ ಕಬ್ಬನ್ನು ಮೆಚ್ಚಿ ಬರೆದಿದ್ದಾನೆ. ಅಲ್ಲಿ ಮುಸ್ಲಿಮರ ಮುಖಂಡನೊಬ್ಬನಿದ್ದ, ಖಾಝಿ ಇದ್ದರು, ಖತೀಬರಿದ್ದರು, ಜುಮಾ ನಮಾಝಿಗೆ ಮಸೀದಿಯಿತ್ತು. ರಾಜ ಹಿಂದೂ; ಹೆಸರು ವಾಸುದೇವ. ಅವನ ಮೂವತ್ತು ಹಡಗುಗಳ ಪಡೆಗೆ ನಾಯಕನಾಗಿದ್ದವನು ಲೂಲಾ ಎಂಬ ಮುಸ್ಲಿಂ. ಬಂದರಿನ ಮುಂದೆ ಹಾದುಹೋಗುವ ಪ್ರತಿ ಹಡಗೂ ಲಂಗರು ಹಾಕಿ ರಾಜನಿಗೆ ಬಂದರಿನ ಹಕ್ಕಿನ ಕಾಣಿಕೆ ಕೊಡಬೇಕು. ತಪ್ಪಿಸಿಕೊಂಡರೆ ಬೆನ್ನಟ್ಟಿ ಹಿಡಿದು ದುಪ್ಪಟ್ಟು ವಸೂಲಿ. ಈ ಲೂಲಾನನ್ನು ಇಬ್ನ್ ಬತೂತ ಹೊಗಳುವುದಿಲ್ಲ. ವರ್ತಕರನ್ನು ದೋಚುವ ದುಷ್ಟನೆಂದೇ ಬರೆಯುತ್ತಾನೆ. ಅಂದಿನ ಮುಸ್ಲಿಮರಲ್ಲಿ ಎಲ್ಲರೂ ಶೇಖ್ ಜುಮಾರಾಗಿರಲಿಲ್ಲ. ಆದರೆ ಒಳ್ಳೆಯವನಾಗಲಿ ಕೆಟ್ಟವನಾಗಲಿ, ಹಿಂದೂ ರಾಜನ ಹಡಗುಪಡೆಯನ್ನು ಮುಸ್ಲಿಮನೊಬ್ಬ ನಡೆಸುವುದು ಆ ಕಾಲದವರಿಗೆ ಆಶ್ಚರ್ಯವಾಗಿ ಕಾಣಲಿಲ್ಲ ಎಂಬುದು ಮುಖ್ಯ. ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಬಂದಿಳಿದದ್ದು 1498ರಲ್ಲಿ. ಅದಕ್ಕೂ ಒಂದೂವರೆ ಶತಮಾನ ಮುಂಚಿನ ಮಾತಿದು. ಕರಾವಳಿಯ ಮುಸ್ಲಿಮರನ್ನು ನಿನ್ನೆ ಮೊನ್ನೆ ಬಂದವರೆಂದು ಹೇಳುವವರು ಈ ಕೆಲವು ಪುಟಗಳನ್ನಾದರೂ ಓದಬೇಕು.

ಪರದೇಶದ ಪ್ರವಾಸಿಯ ಮಾತು ಸಾಲದು ಎನ್ನುವವರಿಗೆ ಶಾಸನಗಳಿವೆ. ವಿಜಯನಗರ ಕಾಲದ ಕರಾವಳಿಯ ಕನ್ನಡ ಶಾಸನಗಳಲ್ಲಿ ಸೆಟ್ಟಿಕಾರರ ಜೊತೆಗೆ ಹಂಜಮಾನದ ಉಲ್ಲೇಖ ಬರುತ್ತದೆ. ಪರದೇಶಿ ವರ್ತಕರ, ಮುಖ್ಯವಾಗಿ ಮುಸ್ಲಿಂ ವರ್ತಕರ ಕೂಟವದು. ಪಾರ್ಸಿಯ ಅಂಜುಮನ್ ಎಂಬ ಪದ ಕನ್ನಡದ ನಾಲಗೆಯಲ್ಲಿ ಹಂಜಮಾನವಾಯಿತು. ಭಟ್ಕಳದಲ್ಲಿ ಅಂಜುಮನ್ ಸಂಸ್ಥೆ 1919ರಲ್ಲಿ ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಈ ಪದ ಕಲ್ಲಿನ ಮೇಲೆ ಕೂತಿತ್ತು.

ಬಸ್ರೂರು ಕುಂದಾಪುರದಿಂದ ಆರೇಳು ಕಿಲೋಮೀಟರ್ ದೂರ. ಒಂದು ಬೆಳಗಿನ ಸಮಯ ಕೊಟ್ಟರೆ ಸಾಕು. ಮೂಡುಕೇರಿ, ಪಡುಕೇರಿ ಎಂಬ ಹೆಸರುಗಳು ಇನ್ನೂ ಇವೆ. ಮಹಾಲಿಂಗೇಶ್ವರ ದೇವಸ್ಥಾನವಿದೆ. ತುಳುವೇಶ್ವರ ಗುಡಿಯನ್ನು ಮರದ ಬೇರುಗಳು ತಬ್ಬಿ ಹಿಡಿದಿವೆ. ಬಾರಕೂರಿನಲ್ಲೂ ಹೀಗೆಯೇ ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿಗಳುಂಟು. ನೋಡಲು ದೊಡ್ಡ ಕಟ್ಟಡಗಳು ಕಡಿಮೆ. ಕೇರಿಯ ಹೆಸರು ಕೇಳುತ್ತಾ ನಡೆಯಬೇಕು. ಬಂದರುಪೇಟೆ ಕೇರಿ ಕೇರಿಯಾಗಿ ಬೆಳೆದದ್ದು ನಡೆದವರಿಗೇ ತಿಳಿಯುತ್ತದೆ.

ಬಸ್ರೂರಿನ ಸಂಪತ್ತು ಮುಖ್ಯವಾಗಿ ಅಕ್ಕಿ. ನಮ್ಮ ಗದ್ದೆಗಳ ಅಕ್ಕಿ ಗೋವೆಗೂ ಮಸ್ಕತ್, ಹೊರ್ಮುಝ್‌ಗಳಿಗೂ ಹೋಗುತ್ತಿತ್ತು. ಅದಕ್ಕಾಗಿಯೇ ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದ ಈ ಊರಿನ ಮೇಲೆ ಕಣ್ಣು ಹಾಕಿದರು. 1569ರಲ್ಲಿ ಇಲ್ಲಿ ಕಾಲೂರಿ, ಊರಿಗಿಂತ ಕೆಳಗೆ ಅಳಿವೆಯ ಕಡೆಗೆ ಕೋಟೆ ಮಾಡಿಕೊಂಡರು. ಮುಂದೆ ಗಂಗೊಳ್ಳಿಯಲ್ಲೂ ಒಂದು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಎರಡನ್ನೂ ಕಿತ್ತುಕೊಂಡ. 1665ರ ಫೆಬ್ರವರಿಯಲ್ಲಿ ಶಿವಾಜಿ ಮಾಲ್ವಣದಿಂದ ಹಡಗುಪಡೆ ತಂದು ಬಸ್ರೂರನ್ನು ಸೂರೆ ಮಾಡಿದ. ಕ್ರಮೇಣ ವ್ಯಾಪಾರ ಬೇರೆಡೆಗೆ ಸರಿಯಿತು. ಹಡಗುಗಳು ಬರುವುದು ನಿಂತಿತು.

1763ರಲ್ಲಿ ಹೈದರಲಿ ಬಿದನೂರನ್ನು ಗೆದ್ದ ಮೇಲೆ ಈ ಕರಾವಳಿ ಮೈಸೂರಿನದಾಯಿತು. ಟಿಪ್ಪು ಎಂದೊಡನೆ ಜಗಳಕ್ಕೆ ನಿಲ್ಲುವವರಿಗೂ ಆತನನ್ನು ಹೊತ್ತು ಮೆರೆಸುವವರಿಗೂ ಬೇಡವಾದ ಒಂದು ಸಣ್ಣ ಸಂಗತಿ ಕುಂದಾಪುರದಲ್ಲಿದೆ. 1801ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್ ಇಲ್ಲಿನ ಒಂದು ಸಿಹಿನೀರಿನ ಕೆರೆಯನ್ನೂ ಅದರಲ್ಲಿ ಬೆಳೆಯುತ್ತಿದ್ದ ಹೂಮೀನನ್ನೂ ಪ್ರಸ್ತಾಪಿಸುತ್ತಾನೆ. ಟಿಪ್ಪುವಿನ ಕಾಲದಲ್ಲಿ ಆ ಮೀನನ್ನು ಸುಲ್ತಾನನಿಗೆಂದೇ ಕಾದಿರಿಸಿದ್ದರಂತೆ. ಹೂಮೀನು ಉಪ್ಪುನೀರಿನಲ್ಲಿ ಹುಟ್ಟಿ ಸಿಹಿನೀರಿನಲ್ಲೂ ಬೆಳೆಯಬಲ್ಲದು. ಕಡಲೂ ಹೊಳೆಯೂ ಬೆರೆಯುವ ಊರಿಗೆ ಒಪ್ಪುವ ಮೀನು.

ಇನ್ನು ಕೋಡಿಗೆ ಬರೋಣ. ಇಲ್ಲಿ ಹಾಜಿ ಕೆ. ಮೊಹಿದ್ದೀನ್ ಬ್ಯಾರಿಯವರು ಶಾಲೆ ತೆರೆದದ್ದು 1906ರಲ್ಲಿ. ಮಗನನ್ನು ದೋಣಿಗೋ ಅಂಗಡಿಗೋ ಕಳಿಸುವುದೇ ರೂಢಿಯಾಗಿದ್ದ ಕಾಲದಲ್ಲಿ ಮರಳ ದಿಬ್ಬದ ಮೇಲೆ ಶಾಲೆ ಕಟ್ಟುವುದು ಸಣ್ಣ ಧೈರ್ಯವಲ್ಲ. ಆ ಪರಂಪರೆಯ ಶಾಲೆ, ಕಾಲೇಜುಗಳು ಇಂದು ಕಡಲ ಬದಿಯಲ್ಲೇ ನಿಂತಿವೆ. 2016ರಲ್ಲಿ ಹೊಸದಾಗಿ ಕಟ್ಟಿದ ಬದ್ರಿಯಾ ಜುಮಾ ಮಸೀದಿಯೂ ಇಲ್ಲಿದೆ. ಗಾಳಿ, ಬೆಳಕು ತಾವಾಗಿ ಒಳಬರುವಂತೆ, ಸೂರ್ಯನ ಮತ್ತು ಗಾಳಿಯ ಶಕ್ತಿಯನ್ನು ಬಳಸುವಂತೆ ರೂಪಿಸಿದ ಕಟ್ಟಡವದು. ಕಡಲ ಗಾಳಿ ದಿನವಿಡೀ ಪುಕ್ಕಟೆಯಾಗಿ ಬೀಸುವ ಊರಿನಲ್ಲಿ ಇದು ತೀರ ಸರಳ ವಿವೇಕ.

ಶಾಲೆಯ ಮಾತು ಬಂದಾಗ ಇಬ್ನ್ ಬತೂತ ಮತ್ತೆ ನೆನಪಾಗುತ್ತಾನೆ. ಬಸ್ರೂರಿಗೆ ಬರುವ ಮೊದಲು ಹೊನ್ನಾವರದಲ್ಲಿ ಅವನು ಹುಡುಗಿಯರ ಹದಿಮೂರು ಶಾಲೆಗಳನ್ನೂ ಹುಡುಗರ ಇಪ್ಪತ್ತಮೂರು ಶಾಲೆಗಳನ್ನೂ ಕಂಡಿದ್ದ. ಅಲ್ಲಿನ ಹೆಂಗಸರಿಗೆ ಕುರ್‌ಆನ್ ಬಾಯಿಪಾಠವಿತ್ತೆಂದು ಬರೆದಿದ್ದಾನೆ. ಲೋಕ ಸುತ್ತಿದ ಆತ ಇಂಥದ್ದನ್ನು ಬೇರೆಲ್ಲೂ ನೋಡಿರಲಿಲ್ಲ. 2022ರ ಫೆಬ್ರವರಿಯಲ್ಲಿ ಇದೇ ಕುಂದಾಪುರದಲ್ಲಿ ತಲೆವಸ್ತ್ರ ಧರಿಸಿ ಬಂದ ವಿದ್ಯಾರ್ಥಿನಿಯರ ಎದುರು ಕಾಲೇಜಿನ ಗೇಟು ಮುಚ್ಚಿದ್ದನ್ನು ದೇಶವೇ ನೋಡಿತು. ಹೊರಗಿನವರಿಗೆ ಕುಂದಾಪುರ ಎಂದರೆ ಆ ಗೇಟು ಮಾತ್ರ ನೆನಪಾಗುವಂತಾದರೆ ಅದು ಈ ಊರಿಗಾಗುವ ಅನ್ಯಾಯ.

ಏಕೆಂದರೆ ಇಲ್ಲಿನ ಬದುಕು ಒಂದೇ ಬಣ್ಣದ್ದಲ್ಲ. ಅಳಿವೆಯ ಎರಡು ದಡಗಳಲ್ಲಿ ಕುಂದಗನ್ನಡ, ಬ್ಯಾರಿ, ಖಾರ್ವಿಗಳ ಕೊಂಕಣಿ, ನವಾಯತಿ, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಮೀನು ಮಾರುಕಟ್ಟೆಯಲ್ಲಿ ಒಂದು ಗಳಿಗೆ ನಿಂತು ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೊಳೆಯ ಬದಿಯಲ್ಲಿ ಕಾಂಡ್ಲಾ ಗಿಡಗಳು ದಡ ಹಿಡಿದುಕೊಂಡಿವೆ. ಕಡಲ ಬದಿಯ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. 2024ರ ಆರಂಭದಲ್ಲಿ ಇಲ್ಲಿ ಸಿಕ್ಕಿದ ಮೊಟ್ಟೆಗಳನ್ನು ಅರಣ್ಯ ಇಲಾಖೆ ಮತ್ತು ಊರವರು ಬೇಲಿ ಹಾಕಿ ಕಾಯ್ದರು. ಆ ತಿಂಗಳುಗಳಲ್ಲಿ ಬರುವ ಪ್ರವಾಸಿಗರು ಕತ್ತಲಾದ ಮೇಲೆ ತೀರದಲ್ಲಿ ಟಾರ್ಚು ಬೀಸದಿದ್ದರೆ ಒಳ್ಳೆಯದು. ಮರಿಗಳು ಬೆಳಕು ಕಂಡ ಕಡೆಗೆ ಹರಿದು ದಾರಿ ತಪ್ಪುತ್ತವೆ.

ಕೋಡಿಯ ತುದಿಯಿಂದ ನೋಡಿದರೆ ಗಂಗೊಳ್ಳಿ ಬಂದರಿನ ದೋಣಿಗಳು ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತವೆ. ರಸ್ತೆಯಲ್ಲಿ ಹೋಗುವವರು ಮಾತ್ರ ಕುಂದಾಪುರ, ಹೆಮ್ಮಾಡಿ, ತ್ರಾಸಿಗಳನ್ನು ಸುತ್ತಿ ಹೋಗಬೇಕು.