ರೂಟ್ ಕೆನಾಲ್ ಮಾಡಿಸಿದರೆ ಕ್ಯಾನ್ಸರ್ ಬರುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

"ರೂಟ್ ಕೆನಾಲ್ ಮಾಡಿಸಿದ ಹಲ್ಲು ಸತ್ತ ಹಲ್ಲು. ಅದು ಬಾಯಲ್ಲಿದ್ದರೆ ಮೈಯೆಲ್ಲ ವಿಷವಾಗಿ ಕ್ಯಾನ್ಸರ್ ಬರುತ್ತದೆ. ಲವಂಗದ ಎಣ್ಣೆ ಹಚ್ಚಿ, ಇಲ್ಲವೇ ಹಲ್ಲು ಕೀಳಿಸಿ." ಇಂಥ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಇದನ್ನು ನಂಬಿ ಚಿಕಿತ್ಸೆ ಮುಂದೂಡಿದರೆ ಹಲ್ಲು ಹೋಗುತ್ತದೆ. ಅಪರೂಪಕ್ಕೆ ಜೀವಕ್ಕೂ ಕುತ್ತು ಬರುತ್ತದೆ. ಹಾಗಾಗಿ ಸತ್ಯವೇನೆಂದು ಒಂದೊಂದಾಗಿ ನೋಡೋಣ.

ಹಲ್ಲಿನೊಳಗೆ ಏನಾಗುತ್ತದೆ?

ಹಲ್ಲಿನ ಹೊರಕವಚ ಎನಾಮೆಲ್. ಅದರ ಒಳಗೆ ಡೆಂಟಿನ್ ಎಂಬ ಪದರ. ಅದಕ್ಕೂ ಒಳಗೆ ನರ ಮತ್ತು ರಕ್ತನಾಳಗಳಿರುವ ಮೃದುವಾದ ತಿರುಳು. ಈ ತಿರುಳು ಸಣ್ಣ ನಾಳಗಳ ಮೂಲಕ ಬೇರಿನ ತುದಿಯವರೆಗೂ ಇಳಿದಿರುತ್ತದೆ.

ನಾವು 'ಹುಳುಕು ಹಲ್ಲು' ಎನ್ನುತ್ತೇವಾದರೂ ಅಲ್ಲಿ ಯಾವ ಹುಳುವೂ ಇರುವುದಿಲ್ಲ. ಹಲ್ಲಿನ ಹುಳುವಿನ ಕಥೆಯನ್ನು ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ 1728ರಷ್ಟು ಹಿಂದೆಯೇ ತಳ್ಳಿಹಾಕಿದ್ದರು. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ನಾವು ತಿಂದ ಸಿಹಿಯನ್ನು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ತೂತು ಮೇಲ್ಪದರದಲ್ಲಿದ್ದಾಗ ಫಿಲ್ಲಿಂಗ್ ಸಾಕು. ಬ್ಯಾಕ್ಟೀರಿಯಾ ತಿರುಳಿಗೆ ಇಳಿದರೆ ಅದು ಊದಿಕೊಳ್ಳುತ್ತದೆ. ಸುತ್ತಲೂ ಗಟ್ಟಿ ಗೋಡೆಯಿರುವುದರಿಂದ ಊತಕ್ಕೆ ಜಾಗವಿಲ್ಲ. ರಾತ್ರಿ ನಿದ್ದೆಗೆಡಿಸುವ ಆ ನೋವಿಗೆ ಇದೇ ಕಾರಣ.

ರೂಟ್ ಕೆನಾಲ್ ಎಂದರೆ ಏನು ಮಾಡುತ್ತಾರೆ?

ಮೊದಲು ಎಕ್ಸ್-ರೇ ತೆಗೆಯುತ್ತಾರೆ. ಇಂಜೆಕ್ಷನ್ ಕೊಟ್ಟು ಆ ಭಾಗವನ್ನು ಮರಗಟ್ಟಿಸುತ್ತಾರೆ. ಹಲ್ಲಿನ ಮೇಲೆ ಸಣ್ಣ ರಂಧ್ರ ಕೊರೆದು, ಸೂಜಿಯಂಥ ಫೈಲ್‌ಗಳಿಂದ ಕೆಟ್ಟ ತಿರುಳನ್ನು ತೆಗೆದು, ಸೋಡಿಯಂ ಹೈಪೋಕ್ಲೋರೈಟ್‌ನಂಥ ದ್ರಾವಣದಿಂದ ನಾಳಗಳನ್ನು ತೊಳೆಯುತ್ತಾರೆ. ಬಳಿಕ ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಿ ಮುಚ್ಚುತ್ತಾರೆ. ಮುಂದಿನ ಮೇಲ್ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ. ದವಡೆ ಹಲ್ಲಿಗೆ ಮೂರು, ಕೆಲವೊಮ್ಮೆ ನಾಲ್ಕು. ದವಡೆ ಹಲ್ಲಿಗೆ ಹೆಚ್ಚು ಹೊತ್ತು ಹಿಡಿಯುವುದು ಇದಕ್ಕೇ.

ಕ್ಯಾನ್ಸರ್ ಮಾತು ಎಲ್ಲಿಂದ ಬಂತು?

ಸುಮಾರು 100 ವರ್ಷಗಳ ಹಿಂದೆ ಅಮೆರಿಕದ ದಂತವೈದ್ಯ ವೆಸ್ಟನ್ ಪ್ರೈಸ್ ರೋಗಿಗಳ ಸೋಂಕಿತ ಹಲ್ಲುಗಳನ್ನು ಮೊಲಗಳ ಚರ್ಮದಡಿ ಇಟ್ಟು ನೋಡಿದರು. ಮೊಲಗಳು ಕಾಯಿಲೆ ಬಿದ್ದವು. ಅನೇಕ ರೋಗಗಳಿಗೆ ರೂಟ್ ಕೆನಾಲ್ ಆದ ಹಲ್ಲೇ ಮೂಲವೆಂದು ಅವರು 1923ರಲ್ಲಿ ಬರೆದರು. ಆ ಪ್ರಯೋಗಗಳಲ್ಲಿ ಸರಿಯಾದ ಹೋಲಿಕೆಯ ಗುಂಪು ಇರಲಿಲ್ಲ. ನಂತರದ ಸಂಶೋಧನೆಗಳಲ್ಲಿ ಆ ವಾದ ನಿಲ್ಲಲಿಲ್ಲ, ವೈದ್ಯಲೋಕ ಅದನ್ನು ಕೈಬಿಟ್ಟಿತು.

2018ರಲ್ಲಿ 'ರೂಟ್ ಕಾಸ್' ಎಂಬ ಸಾಕ್ಷ್ಯಚಿತ್ರ ಇದಕ್ಕೆ ಮತ್ತೆ ಜೀವ ಕೊಟ್ಟಿತು. ಸ್ತನ ಕ್ಯಾನ್ಸರ್ ಇರುವ ಮಹಿಳೆಯರಲ್ಲಿ ಶೇ. 97 ಮಂದಿಗೆ ಅದೇ ಬದಿಯಲ್ಲಿ ರೂಟ್ ಕೆನಾಲ್ ಆಗಿತ್ತು ಎಂಬ ಮಾತು ಅದರಲ್ಲಿದೆ. ಇದನ್ನು ಸಾಬೀತುಪಡಿಸುವ ವೈಜ್ಞಾನಿಕ ಅಧ್ಯಯನವಿಲ್ಲ. ದಂತವೈದ್ಯ ಸಂಘಟನೆಗಳ ಆಕ್ಷೇಪದ ನಂತರ 2019ರಲ್ಲಿ ನೆಟ್‌ಫ್ಲಿಕ್ಸ್ ಈ ಚಿತ್ರವನ್ನು ತೆಗೆದುಹಾಕಿತು. ರೂಟ್ ಕೆನಾಲ್ ಕೋಟ್ಯಂತರ ಜನ ಮಾಡಿಸಿಕೊಳ್ಳುವ ಚಿಕಿತ್ಸೆ. ಅವರಲ್ಲಿ ಕೆಲವರಿಗೆ ಮುಂದೆ ಬೇರೆ ಕಾಯಿಲೆ ಬಂದರೆ, ಹಲ್ಲೇ ಕಾರಣ ಎಂದಾಗುವುದಿಲ್ಲ.

ಇನ್ನಷ್ಟು ತಪ್ಪು ನಂಬಿಕೆಗಳು

ಮೇಲಿನ ಹಲ್ಲು ಮುಟ್ಟಿದರೆ ಕಣ್ಣು ಮಂಜಾಗುತ್ತದೆ: ಇಲ್ಲ. ನೋಟದ ನರ ಬೇರೆ, ಹಲ್ಲಿಗೆ ಬರುವ ನರ ಬೇರೆ.

ಲವಂಗದ ಎಣ್ಣೆ ಸಾಕು: ಅದರಲ್ಲಿರುವ ಯೂಜೆನಾಲ್ ನೋವನ್ನು ಸ್ವಲ್ಪ ಹೊತ್ತು ಮರೆಸುತ್ತದೆ, ನಿಜ. ನಾಳದೊಳಗಿನ ಸೋಂಕನ್ನು ಅದು ತೆಗೆಯದು. ಒಸಡಿನ ಮೇಲೆ ಆಸ್ಪಿರಿನ್ ಮಾತ್ರೆ ಇಡುವುದಂತೂ ಬೇಡ, ಒಸಡು ಸುಡುತ್ತದೆ.

ಆ್ಯಂಟಿಬಯೋಟಿಕ್ ನುಂಗಿದರೆ ವಾಸಿ: ಔಷಧ ರಕ್ತದ ಮೂಲಕ ಹೋಗಬೇಕು. ಸತ್ತ ತಿರುಳಿಗೆ ರಕ್ತಸಂಚಾರವೇ ಇಲ್ಲ. ಊತ, ಜ್ವರ ಇದ್ದಾಗ ವೈದ್ಯರು ಬರೆದುಕೊಡಬಹುದು, ಆದರೆ ಮೂಲ ಸೋಂಕನ್ನು ತೆಗೆಯಲೇಬೇಕು.

ನೋವು ಹೋಯಿತು, ಇನ್ನೇಕೆ ಚಿಕಿತ್ಸೆ: ಜನ ಹೆಚ್ಚು ಮೋಸಹೋಗುವುದು ಇಲ್ಲೇ. ನರ ಸತ್ತಾಗಲೂ ನೋವು ನಿಲ್ಲುತ್ತದೆ. ಸೋಂಕು ಮಾತ್ರ ಸದ್ದಿಲ್ಲದೆ ಬೇರಿನ ತುದಿ ದಾಟಿ ಮೂಳೆಯಲ್ಲಿ ಕೀವು ತುಂಬಬಹುದು.

ಯಾವಾಗ ತಡಮಾಡಬಾರದು?

ಕೆಳದವಡೆ ಹಲ್ಲಿನ ಸೋಂಕು ನಾಲಿಗೆಯ ಕೆಳಗೆ, ಕುತ್ತಿಗೆಗೆ ಹರಡಿ ಉಸಿರಾಟದ ದಾರಿಯನ್ನೇ ಒತ್ತಬಹುದು. ಇದಕ್ಕೆ ಲುಡ್ವಿಗ್ ಆಂಜೈನಾ ಎನ್ನುತ್ತಾರೆ. ಗದ್ದದ ಕೆಳಗೆ ಅಥವಾ ಕಣ್ಣಿನ ಹತ್ತಿರ ಊತ, ಬಾಯಿ ತೆರೆಯಲಾಗದಿರುವುದು, ನುಂಗಲು ಅಥವಾ ಉಸಿರಾಡಲು ಕಷ್ಟ, ಜ್ವರದೊಂದಿಗೆ ಹೆಚ್ಚುತ್ತಿರುವ ಊತ, ಇವುಗಳಲ್ಲಿ ಯಾವುದೇ ಕಂಡರೂ ಬೆಳಗಾಗಲೆಂದು ಕಾಯಬೇಡಿ. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಎಚ್ಚರವಾಗಿರಬೇಕು.

ಹಾಗಾದರೆ ಎಲ್ಲ ಹಲ್ಲನ್ನೂ ಉಳಿಸಬಹುದೇ?

ಇಲ್ಲ. ಬೇರು ಉದ್ದಕ್ಕೂ ಸೀಳಿದ್ದರೆ, ಹಿಡಿಯಲು ಮೂಳೆಯೇ ಉಳಿದಿರದಿದ್ದರೆ ಕೀಳುವುದೇ ಸರಿ. ರೂಟ್ ಕೆನಾಲ್ ಕೂಡ ಕೆಲವೊಮ್ಮೆ ವಿಫಲವಾಗುತ್ತದೆ. ಒಂದು ನಾಳ ಕಣ್ತಪ್ಪಿರಬಹುದು, ಕ್ಯಾಪ್ ಹಾಕಿಸದೆ ಬಿಟ್ಟು ಹಲ್ಲು ಒಡೆದಿರಬಹುದು. ಆದ್ದರಿಂದ ನೋವು ನಿಂತಿತೆಂದು ಅರ್ಧಕ್ಕೆ ಬಿಡಬೇಡಿ, ವೈದ್ಯರು ಹೇಳಿದ ಕ್ಯಾಪ್ ಹಾಕಿಸಿ. ಖರ್ಚಿನ ಚಿಂತೆಯಿದ್ದರೆ ಹತ್ತಿರದ ದಂತ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಅಲ್ಲಿ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ ಖರ್ಚಿನಲ್ಲಿ ಆಗುತ್ತದೆ.

ಕೊನೆಯ ಮಾತು: ರೂಟ್ ಕೆನಾಲ್‌ನಿಂದ ಕ್ಯಾನ್ಸರ್ ಬರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಹಲ್ಲಿನ ಸೋಂಕನ್ನು ಹಾಗೇ ಬಿಡುವುದರಲ್ಲಿ ಅಪಾಯ ಖಂಡಿತ ಇದೆ. ಮನೆಯ ಗ್ರೂಪಿನಲ್ಲಿ ಯಾರಾದರೂ ಆ ಹಳೆಯ ಸಂದೇಶ ಹಾಕಿದರೆ, ಕೆಳಗೆ ಇದನ್ನು ಹಾಕಿ.