ಭೋಗ್ಯಪತ್ರವೂ ಬಾಡಿಗೆ-ಖರೀದಿಯ ಕರಾರೂ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿಗೆ ಸೇರಿದ ಹಾಗಲವಾಡಿಯು ಪೂರ್ವದಲ್ಲಿ ಪಾಳೆಯಗಾರ ಮನೆತನವೊಂದರ ರಾಜಧಾನಿಯಾಗಿದ್ದಿತು. ನೆರೆಯ ಚಿಕ್ಕನಾಯಕನಹಳ್ಳಿಯು ಆ ಮನೆತನದ ಚಿಕ್ಕನಾಯಕನ ಹೆಸರನ್ನೇ ಹೊತ್ತಿರುವುದು. ತೆಂಗು ಅಡಕೆಗಳ ತೋಟಗಳೇ ಈ ಸೀಮೆಯ ಸಿರಿ. ಇಂತಹ ತೋಟವುಳ್ಳವನು ಹಣದ ಅಡಚಣೆಗೆ ಸಿಕ್ಕಿದಾಗ ಅವನಿಗೆ ತೆರೆದಿದ್ದ ದಾರಿಗಳಲ್ಲಿ ಭೋಗ್ಯವೂ ಒಂದು. ತೆಂಗು ವರ್ಷವಿಡೀ ಫಲಿಸುವ ಮರವಾದಕಾರಣ ಸಾಲಕೊಟ್ಟವನು ತೋಟವನ್ನು ವಶಕ್ಕೆ ತೆಗೆದುಕೊಂಡು ಬಡ್ಡಿಗೆ ಬದಲಾಗಿ ಕಾಯನ್ನು ಅನುಭವಿಸುವನು. ಅಸಲು ತೀರಿದ ದಿನ ತೋಟವು ಒಡೆಯನಿಗೆ ಹಿಂದಿರುಗುವುದು. ಅದೇ ಸೀಮೆಯಲ್ಲಿ ಇಂದು ಟ್ರ್ಯಾಕ್ಟರೂ ಕಾರೂ ಕಂತಿನ ಮೇಲೆ ಬರುತ್ತವೆ. ನೋಂದಣಿ ಪತ್ರದಲ್ಲಿ ವಾಹನವುಳ್ಳವನ ಹೆಸರಿನೊಡನೆ ಹಣ ಒದಗಿಸಿದ ಸಂಸ್ಥೆಯ ಹೆಸರೂ ದಾಖಲಾಗಿರುವುದು. ಮೊದಲನೆಯದರಲ್ಲಿ ಸ್ವತ್ತು ಸಾಲಗಾರನ ಕೈಬಿಟ್ಟು ಹೋಗುತ್ತದೆ, ಒಡೆತನ ಉಳಿಯುತ್ತದೆ. ಎರಡನೆಯದು ಬಾಡಿಗೆ-ಖರೀದಿಯ ಕರಾರಾದರೆ ಸ್ವತ್ತು ಕೈಗೆ ಬರುತ್ತದೆ, ಒಡೆತನ ಕಡೆಯ ಕಂತಿನವರೆಗೂ ಬರುವುದಿಲ್ಲ. ಸಾಲಗಾರನ ರಕ್ಷಣೆಯ ಇತಿಹಾಸವು ಬಹುಮಟ್ಟಿಗೆ ಈ ವ್ಯತ್ಯಾಸದಲ್ಲಿಯೇ ಅಡಗಿದೆ.

ಸಾಲದ ವ್ಯವಹಾರವನ್ನು ಕುರಿತು ಕನ್ನಡನಾಡಿನಲ್ಲಿ ಹುಟ್ಟಿದ ಗ್ರಂಥಗಳಲ್ಲಿ ವಿಜ್ಞಾನೇಶ್ವರನ ಮಿತಾಕ್ಷರಕ್ಕೆ ಸಮನಾದ ಪ್ರಮಾಣವಿಲ್ಲ. ಕಲ್ಯಾಣದಲ್ಲಿ 6ನೆಯ ವಿಕ್ರಮಾದಿತ್ಯನು (1076-1126) ಆಳುತ್ತಿದ್ದಾಗ ರಚಿತವಾದ ಈ ಯಾಜ್ಞವಲ್ಕ್ಯಸ್ಮೃತಿ ವ್ಯಾಖ್ಯಾನವು ದಾಯವಿಭಾಗದ ಪ್ರಕರಣದಿಂದಲೇ ಹೆಚ್ಚಾಗಿ ಪ್ರಸಿದ್ಧವಾಗಿದೆ. 1810ರಲ್ಲಿ ಕೋಲ್‌ಬ್ರೂಕನು ಆ ಭಾಗವನ್ನು ಮಾತ್ರ ಇಂಗ್ಲಿಷಿಗೆ ತಂದುದೇ ಇದಕ್ಕೆ ಮುಖ್ಯ ಕಾರಣ. ಋಣಾದಾನ ಪ್ರಕರಣವು ಅದರ ನೆರಳಿನಲ್ಲಿ ಉಳಿದುಹೋಯಿತು. ಅಲ್ಲಿಯ ನಿಯಮಗಳಾದರೋ ಬಹಳ ಖಚಿತವಾದವು. ಒತ್ತೆಯಿಟ್ಟ ಸಾಲಕ್ಕೆ ತಿಂಗಳಿಗೆ ಅಸಲಿನ 80ನೆಯ ಒಂದು ಭಾಗ, ಅರ್ಥಾತ್ ವರ್ಷಕ್ಕೆ ನೂರಕ್ಕೆ 15ರಂತೆ, ಬಡ್ಡಿ. ಒತ್ತೆಯಿಲ್ಲದಿದ್ದರೆ ವರ್ಣಾನುಸಾರವಾಗಿ ತಿಂಗಳಿಗೆ ನೂರಕ್ಕೆ 2ರಿಂದ 5ರವರೆಗೆ; ಕೆಳಗಿನವನೆನಿಸಿದವನಿಗೇ ಹೆಚ್ಚು. ಆಧಾರವಿಲ್ಲದವನಿಂದ ಅಧಿಕ ಬಡ್ಡಿ ಎಳೆಯುವ ಪದ್ಧತಿ ಇಂದು ಹುಟ್ಟಿದುದಲ್ಲವೆಂಬುದನ್ನು ಇದರಿಂದ ಕಾಣಬಹುದು. ಒತ್ತೆಯು ಗೋಪ್ಯವೆಂದೂ ಭೋಗ್ಯವೆಂದೂ ಎರಡು ಬಗೆ. ಕಾಪಾಡುವುದಕ್ಕೆಂದು ಇಟ್ಟ ಗೋಪ್ಯವನ್ನು ಸಾಲಕೊಟ್ಟವನು ಬಳಸಿದನಾದರೆ ಅವನಿಗೆ ಬಡ್ಡಿಯಿಲ್ಲ. ಸಾಲವು ಇಮ್ಮಡಿಯಾದರೂ ಬಿಡಿಸಿಕೊಳ್ಳದ ಒತ್ತೆಯು ಸಾಲಗಾರನ ಕೈತಪ್ಪುವುದು. ಅವಧಿಯನ್ನು ಗೊತ್ತುಮಾಡಿ ಇಟ್ಟುದು ಆ ಅವಧಿಗೆ ಕೈತಪ್ಪುವುದು. ಫಲವನ್ನು ಅನುಭವಿಸಲು ಕೊಟ್ಟ ಭೋಗ್ಯವಾದರೋ ಎಂದಿಗೂ ನಷ್ಟವಾಗತಕ್ಕದ್ದಲ್ಲ.

ಈ ಕಡೆಯ ನಿಯಮದ ಆಯುಷ್ಯವು ಆಶ್ಚರ್ಯಕರವಾದುದು. ಭೋಗ್ಯದ ಸ್ವತ್ತನ್ನು ಬಿಡಿಸಿಕೊಳ್ಳುವ ಹಕ್ಕಿನ ಕಾಲಾವಧಿಯು ಪತ್ರವಾದ ದಿನದಿಂದ ಓಡತೊಡಗುವುದಿಲ್ಲ, ಸಾಲ ತೀರಿದ ಮೇಲೆಯೇ ತೊಡಗುವುದೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಮಾನಿಸಿತು. ಆಧಾರವಾಗಿ ಎತ್ತಿಕೊಂಡುದು ಸ್ಮೃತಿಯನ್ನಲ್ಲ, 1882ರ ಸ್ವತ್ತಿನ ವರ್ಗಾವಣೆಯ ಕಾಯಿದೆಯನ್ನು. ಆದರೂ ಸೇರಿದ ನೆಲೆ ಹೆಚ್ಚುಕಡಮೆ ಒಂದೇ. ಅಂತೆಯೇ ಬಡ್ಡಿಯ ಬಾಕಿಯು ಅಸಲನ್ನು ಮೀರಕೂಡದೆಂಬ ದಾಮದುಪ್ಪಟ್ಟಿನ ನಿಯಮವನ್ನು ಮುಂಬಯಿ ಪ್ರಾಂತದ ನ್ಯಾಯಸ್ಥಾನಗಳು ಹಿಂದೂ ಸಾಲಗಾರರ ವಿಷಯದಲ್ಲಿ ಮನ್ನಿಸುತ್ತಿದ್ದುದರಿಂದ ಧಾರವಾಡ ಬಿಜಾಪುರಗಳ ಕನ್ನಡಿಗರಿಗೂ ಅದರ ಆಶ್ರಯ ದೊರೆತಿತ್ತು.

ಶಬ್ದಗಳನ್ನು ನೋಡಿದರೂ ಈ ಹಳಮೆ ಸ್ಪಷ್ಟವಾಗುತ್ತದೆ. ಬಡ್ಡಿಯು ವೃದ್ಧಿಯ ತದ್ಭವ, ಒತ್ತೆ ದೇಶ್ಯ, ಕಿಸ್ತು ಅರಬ್ಬಿಯ ಮಾತು, ಪಾರಸಿಯ ಮೂಲಕ ಕಂದಾಯದ ಲೆಕ್ಕಕ್ಕೆ ಬಂದುದು. ‘ಬಾಡಿಗೆ-ಖರೀದಿ’ ಎಂಬ ಸಮಾಸ ಮಾತ್ರ ಭಾಷಾಂತರಕಾರರ ಕೈಗೆಲಸ. ಬಾಡಿಗೆಯಾದರೆ ಖರೀದಿಯಲ್ಲ, ಖರೀದಿಯಾದರೆ ಬಾಡಿಗೆಯಲ್ಲವೆಂದು ತಿಳಿದಿದ್ದ ಭಾಷೆಗೆ ಎರಡನ್ನೂ ಒಂದಾಗಿ ಹೆಣೆಯುವ ಪ್ರಮೇಯವೇ ಬಿದ್ದಿರಲಿಲ್ಲ.

ಈ ಹೆಣಿಗೆ ನಡೆದುದು ಆಂಗ್ಲದೇಶದಲ್ಲಿ. ಮೊದಲು ಹೊಲಿಗೆಯ ಯಂತ್ರ ಪಿಯಾನೋ ಮುಂತಾದ ಪದಾರ್ಥಗಳ ವಿಷಯದಲ್ಲಿ. ಹೆಲ್ಬಿ ಎಂಬ ವರ್ತಕನು 10 ಷಿಲಿಂಗ್ 6 ಪೆನ್ಸಿನ 36 ತಿಂಗಳ ಕಂತುಗಳಿಗೆ ಒಂದು ಪಿಯಾನೋವನ್ನು ಕೊಟ್ಟನು. ಪಡೆದವನು ಅದನ್ನು ಒತ್ತೆಯಂಗಡಿಯಲ್ಲಿ ಇಟ್ಟುಬಿಟ್ಟನು. ವ್ಯಾಜ್ಯವು ಲಾರ್ಡರ ಸಭೆಯವರೆಗೂ ಹೋಯಿತು. ಪಡೆದವನಿಗೆ ಯಾವಾಗ ಬೇಕಾದರೂ ಹಿಂದಿರುಗಿಸುವ ಸ್ವಾತಂತ್ರ್ಯವಿದ್ದುದರಿಂದ ಅವನು ಕೊಂಡವನೇ ಅಲ್ಲ, ಆದಕಾರಣ ಒತ್ತೆಯಂಗಡಿಯವನಿಗೆ ಯಾವ ಹಕ್ಕೂ ಇಲ್ಲವೆಂದು 1895ರಲ್ಲಿ ತೀರ್ಪಾಯಿತು. ವರ್ತಕನಿಗೆ ನ್ಯಾಯ ದೊರೆಯಿತು, ನಿಜ. ಆದರೆ ಅದೇ ತರ್ಕವನ್ನು ಪ್ರಾಮಾಣಿಕನಾದ ಸಾಲಗಾರನ ಮೇಲೆ ತಿರುಗಿಸಿದರೆ ಏನಾಗುವುದು? 35 ಕಂತುಗಳನ್ನು ಕಟ್ಟಿ 36ನೆಯದಕ್ಕೆ ತಪ್ಪಿದವನು 35 ತಿಂಗಳ ಬಾಡಿಗೆಯನ್ನು ಕೊಟ್ಟವನು ಮಾತ್ರ. ಪದಾರ್ಥವು ಇನ್ನೂ ಪರರದು. 1938ರಲ್ಲಿ ಎಲೆನ್ ವಿಲ್ಕಿನ್‌ಸನ್ನಳ ಪ್ರಯತ್ನದಿಂದ ಆದ ಕಾಯಿದೆಯು ಮೂರರಲ್ಲೊಂದು ಭಾಗ ಸಂದಮೇಲೆ ನ್ಯಾಯಸ್ಥಾನದ ಅಪ್ಪಣೆಯಿಲ್ಲದೆ ಪದಾರ್ಥವನ್ನು ಎಳೆದೊಯ್ಯಕೂಡದೆಂದು ವಿಧಿಸಿತು; ಮೋಟಾರು ವಾಹನಗಳಿಗಾದರೆ ಬೆಲೆ 50 ಪೌಂಡನ್ನು ಮೀರದಿದ್ದಲ್ಲಿ ಮಾತ್ರ.

ಭಾರತದ ಕಥೆ ವಿಚಿತ್ರವಾದುದು. ಸಾಮಾನ್ಯ ಸಾಲಗಾರನ ರಕ್ಷಣೆಗೆ ಮೈಸೂರು ಸಂಸ್ಥಾನದಲ್ಲಿ 1928ರ ವ್ಯವಸಾಯಗಾರರ ಪರಿಹಾರದ ಕಾಯಿದೆಯಂತಹವು ಆಗಿದ್ದವು. 1976ರ ಕರ್ನಾಟಕ ಋಣಪರಿಹಾರ ಕಾಯಿದೆಯು ಬಡವರ್ಗದವರ ಸಾಲಗಳನ್ನೇ ತೊಡೆದುಹಾಕಿತು. ಕಾನೂನಿನ ದೃಷ್ಟಿಯಲ್ಲಿ ಸಾಲಗಾರನೇ ಅಲ್ಲದ ಬಾಡಿಗೆ-ಖರೀದಿದಾರನ ಕೊರತೆ ಬೇರೆಯದು. ಅದನ್ನು ನೀಗಲು ಸಂಸತ್ತು 1972ರಲ್ಲಿ ಬಾಡಿಗೆ-ಖರೀದಿ ಕಾಯಿದೆಯನ್ನು ಮಾಡಿತು. ಬೆಲೆಗೆ ತಕ್ಕಂತೆ ಅರ್ಧವೋ ಮುಕ್ಕಾಲೋ ಸಂದಮೇಲೆ ದಾವೆಯ ಮೂಲಕವಲ್ಲದೆ ಸ್ವಾಧೀನವಿಲ್ಲವೆಂಬುದು ಅದರ ಸಾರ. ಆ ಕಾಯಿದೆ ಒಂದು ದಿನವೂ ಜಾರಿಗೆ ಬರಲಿಲ್ಲ. 33 ವರ್ಷ ಪುಸ್ತಕದಲ್ಲಿದ್ದು 2005ರಲ್ಲಿ ರದ್ದಾಯಿತು. ಮಾಡಿದವರೇ ಅದನ್ನು ಮಡಿಸಿಟ್ಟರೆಂದಲ್ಲದೆ ಬೇರೆ ಹೇಳುವಂತಿಲ್ಲ.

ಹೀಗೆ ಬರಿದಾಗಿ ಉಳಿದ ಎಡೆಯನ್ನು ನ್ಯಾಯಾಲಯಗಳು ತುಂಬಬೇಕಾಯಿತು. ಗಿರಾಕಿಯೇ ನಿಜವಾದ ಖರೀದಿದಾರನಾಗಿ ಹಣದ ಸಂಸ್ಥೆಯು ಉಳಿದ ಬೆಲೆಯನ್ನು ಮಾತ್ರ ಒದಗಿಸಿದ್ದರೆ, ಕರಾರಿನ ಹೆಸರು ಏನೇ ಇರಲಿ, ಅದು ಒತ್ತೆಯ ಮೇಲಣ ಸಾಲವೆಂದು ಸರ್ವೋಚ್ಚ ನ್ಯಾಯಾಲಯದ ಬಹುಮತವು 1966ರಲ್ಲಿ ಹೇಳಿತು. ಅದು ಮಾರಾಟ ತೆರಿಗೆಯ ವ್ಯಾಜ್ಯವೇ ಆದರೂ ರೂಪವನ್ನು ಬಿಟ್ಟು ಸತ್ತ್ವವನ್ನು ಹಿಡಿದ ಆ ಮಾತು ವಿಜ್ಞಾನೇಶ್ವರನಿಗೆ ಒಪ್ಪಿಗೆಯಾಗುವಂತಹುದು. 2001ರಲ್ಲಾದರೋ ಕರಾರಿನ ಮೇರೆಗೆ ಸಂಸ್ಥೆಯು ವಾಹನವನ್ನು ಹಿಂತೆಗೆದರೆ ಅದು ಕಳ್ಳತನವಾಗದೆಂದು ತೀರ್ಮಾನವಾಯಿತು. 2007ರಲ್ಲಿ ವಸೂಲಿಗೆ ತೋಳ್ಬಲದವರನ್ನು ಕಳುಹಿಸತಕ್ಕದ್ದಲ್ಲವೆಂದು ಅದೇ ನ್ಯಾಯಾಲಯವು ಎಚ್ಚರಿಸಿತು. ಈಗಿನ ಕಾರಿನ ಸಾಲಗಳಲ್ಲಿ ಹೆಚ್ಚಿನವು ಹೈಪಾಥಿಕೇಷನ್ನಿನ ರೂಪದವು, ಒಡೆತನ ಕೊಂಡವನದೇ. ಆದರೂ ಹಿಂತೆಗೆಯುವ ಷರತ್ತು ಕರಾರಿನಿಂದ ಅಳಿದಿಲ್ಲ.

ಕಂತು ಎಂಬ ಕಲ್ಪನೆ ಹಳಬರಿಗೆ ತಿಳಿಯದುದೇನೂ ಅಲ್ಲ. ಸಾಲವನ್ನು ಒಮ್ಮೆಗೇ ತೀರಿಸಲಾರದವನು ಕೊಟ್ಟಕೊಟ್ಟಂತೆ ಪತ್ರದ ಬೆನ್ನಿನ ಮೇಲೆ ಬರೆಯಿಸಬೇಕೆಂದೂ ಪೂರ್ತಿಯಾಗಿ ಸಂದಮೇಲೆ ಪತ್ರವನ್ನು ಹರಿಯಬೇಕೆಂದೂ, ಇಲ್ಲವೆ ತೀರಿತೆಂಬ ಬೇರೊಂದು ಪತ್ರವನ್ನು ಬರೆಯಿಸಿಕೊಳ್ಳಬೇಕೆಂದೂ ಯಾಜ್ಞವಲ್ಕ್ಯನ ವಿಧಿ. ಬೆನ್ನ ಮೇಲಣ ಒಂದೊಂದು ಬರೆಹವೂ ಅಸಲಿನ ಒಂದೊಂದು ಕಡಿತ. ಅದನ್ನು ಬಾಡಿಗೆಯೆಂದು ತಿರುಗಿಸಿ ಓದುವುದಕ್ಕೆ ಅಲ್ಲಿ ಎಡೆಯಿಲ್ಲ. ಇಂದು ಆ ಎರಡನೆಯ ಪತ್ರದ ಸ್ಥಾನದಲ್ಲಿರುವುದು 1988ರ ಮೋಟಾರು ವಾಹನಗಳ ಕಾಯಿದೆಗೆ ಸೇರಿದ ನಿಯಮಗಳ 35ನೆಯ ನಮೂನೆ. ಹಣ ಸಂದಿತೆಂದು ಉಭಯರೂ ಅದಕ್ಕೆ ರುಜುಹಾಕಿ ಸಾರಿಗೆ ಕಚೇರಿಗೆ ಒಪ್ಪಿಸಿದ ಮೇಲೆಯೇ ನೋಂದಣಿ ಪತ್ರದಿಂದ ಸಂಸ್ಥೆಯ ಹೆಸರು ಹೋಗುವುದು.